ತಗ್ಗಿ ಬಗ್ಗಿ ನಡೆದ ಕಾರಿನ ಕಥೆ

ಅಮ್ಮ ಶಿವಮೊಗ್ಗದಿಂದ ಇಲ್ಲಿಗೆ, ಸ್ಟುಟ್‌ಗಾರ್ಟ್‌ಗೆ, ಬಂದಿದ್ದಳು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ನನ್ನ ಹಳೇ ಗಾಲ್ಫ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವಳು ಆಡಿದ್ದು ಒಂದೇ ಮಾತು: "ಇದಕ್ಕಿಂತ ನಿನ್ನಜ್ಜನ ಎತ್ತಿನ ಗಾಡಿನೇ ವಾಸಿ ಇತ್ತು ಕಣೋ!"

ನಕ್ಕೆ. ಆದರೆ ಸ್ವಲ್ಪ ಮುಂದೆ ಒಂದು ತಿರುವಿನಲ್ಲಿ, ರಸ್ತೆಯ ಸಣ್ಣ ಉಬ್ಬಿನ ಮೇಲೆ ಹಿಂದಿನ ಚಕ್ರ ಕುಪ್ಪಳಿಸಿ ಕಾರು ಪಕ್ಕಕ್ಕೆ ಸರಿಯಿತು. ನಗು ಅಲ್ಲೇ ನಿಂತುಹೋಯಿತು. ಆಚೆ ಲೇನಿನಲ್ಲಿ ಲಾರಿ ಇರಲಿಲ್ಲ, ಅಷ್ಟೇ ಪುಣ್ಯ.

ತಪ್ಪು ರಸ್ತೆಯದ್ದಲ್ಲ, ನನ್ನದೇ. ಎರಡು ತಿಂಗಳ ಹಿಂದೆ ಅಗ್ಗದ ಕಾಯಿಲ್‌ಓವರ್ ಸೆಟ್ ಒಂದನ್ನು ಕೊಂಡು ಹಾಕಿಸಿದ್ದೆ. ಅದರ ಪ್ರಮಾಣಪತ್ರದಲ್ಲಿ ಎಷ್ಟರವರೆಗೆ ತಗ್ಗಿಸಬಹುದು ಅಂತ ಬರೆದಿತ್ತು. ತಪಾಸಣೆ ಮುಗಿದ ಮೇಲೆ ಬಳೆಯನ್ನು ಅದಕ್ಕಿಂತ ಕೆಳಗೆ ತಿರುಗಿಸಿದವನು ನಾನು. ನೋಡಲಿಕ್ಕೆ ಸೊಗಸಾಗಿತ್ತು, ಏನು ಮಾಡಲಿ? :)

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಬಳೆ ಅನ್ನೋದು ಎಲ್ಲಿಂದ ಬಂತು, ಯಾವ ಕೆಲಸಕ್ಕೆ ಹುಟ್ಟಿದ್ದು ಅಂತ ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಮೊದಲು ಎರಡು ಮಾತು. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್, ಅಂದರೆ ಡ್ಯಾಂಪರ್. ಡ್ಯಾಂಪರಿನ ಮೈಗೇ ಸ್ಪ್ರಿಂಗ್ ತೊಡಿಸಿದರೆ ಅದು ಕಾಯಿಲ್‌ಓವರ್. ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವುದರಲ್ಲಿ ಡ್ಯಾಂಪರಿನ ಮೈಮೇಲೆ ಮರೆ ಇರುತ್ತದೆ. ಬೋಲ್ಟಿಗೆ ನಟ್ಟು ಹಾಕಿದ ಹಾಗೆ ಆ ಮರೆಯ ಮೇಲೆ ಒಂದು ಬಳೆ. ಬಳೆ ಕೆಳಗಿಳಿದರೆ ಅದರ ಮೇಲೆ ಕೂತ ಸ್ಪ್ರಿಂಗೂ ಇಳಿಯುತ್ತದೆ, ಕಾರೂ ತಗ್ಗುತ್ತದೆ.

ಕಥೆ ಶುರುವಾಗುವುದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜನರಲ್ ಮೋಟಾರ್ಸ್ ಕಂಪನಿಗೆ ಸಣ್ಣ ಕಾರೊಂದನ್ನು ಮಾಡುವ ಮನಸ್ಸಾಯಿತು. ಹೆಸರು ಶೆವ್ರೊಲೆ ಕೆಡೆಟ್. ಅದರ ಹೊಣೆ ಹೊತ್ತ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. ಸ್ಪ್ರಿಂಗ್, ಡ್ಯಾಂಪರ್ ಎರಡನ್ನೂ ಒಂದೇ ಉದ್ದನೆಯ ಕಂಬದಲ್ಲಿ ಸೇರಿಸಿ, ಚಕ್ರ ಹಿಡಿಯಲು ಬೇಕಿದ್ದ ಮೇಲಿನ ತೋಳನ್ನೇ ತೆಗೆದುಹಾಕುವ ವಿನ್ಯಾಸ ಅವನದು. 1947ರಲ್ಲಿ ಕಂಪನಿ ಆ ಕಾರನ್ನು ಕೈಬಿಟ್ಟಿತು. ಅವನು ಫೋರ್ಡ್ ಸೇರಿದ. 1950ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫೋರ್ಡ್ ಕಾನ್ಸಲ್, ಜೆಫರ್ ಕಾರುಗಳಲ್ಲಿ ಈ ಕಂಬ ಇತ್ತು. ಬಿಡಿಭಾಗ ಕಡಿಮೆ, ಖರ್ಚು ಕಡಿಮೆ, ಇಂಜಿನ್ನಿಗೆ ಜಾಗ ಜಾಸ್ತಿ. 1974ರ ಮೊದಲ ಗಾಲ್ಫ್ ಕಾರಿನ ಮುಂಭಾಗದಲ್ಲೂ ಇದೇ. ನಿಮ್ಮ ಮನೆಯ ಸಣ್ಣ ಕಾರಿನ ಬಾನೆಟ್ ಎತ್ತಿ ನೋಡಿ, ಎರಡೂ ಪಕ್ಕದಲ್ಲಿ ಬಹುಶಃ ಅದೇ ಕಂಬದ ತಲೆ ಕಾಣಿಸುತ್ತದೆ.

ಆದರೆ ಈ ಕಾರ್ಖಾನೆಯ ಕಂಬಕ್ಕೆ ತಿರುಗುವ ಬಳೆ ಇಲ್ಲ. ಬಳೆ ಬೇಕಾಗಿದ್ದು ರೇಸಿನವರಿಗೆ. ಅದೂ ಶೋಕಿಗಲ್ಲ! ನಾಲ್ಕು ಚಕ್ರದ ಕೆಳಗೂ ಒಂದೊಂದು ತಕ್ಕಡಿ ಇಟ್ಟು ಯಾವ ಚಕ್ರದ ಮೇಲೆ ಎಷ್ಟು ಭಾರ ಅಂತ ನೋಡುತ್ತಾರೆ. ಕುಂಟುವ ಮೇಜಿನ ಕಾಲಿಗೆ ನಾವು ಕಾಗದ ಮಡಚಿ ಇಡುತ್ತೇವಲ್ಲ, ಹಾಗೆ ಬಳೆ ತಿರುಗಿಸಿ ಭಾರ ಹೊಂದಿಸುತ್ತಾರೆ.

ಡ್ಯಾಂಪರ್ ಮಾಡುವವರ ಕಥೆ ಇನ್ನೂ ಮಜವಾಗಿದೆ. ಹಾಲೆಂಡಿನ ಕೋನಿ ಕಂಪನಿ 1857ರಲ್ಲಿ ಶುರುವಾದದ್ದು ಕುದುರೆಗಳ ಜೀನು, ಪಟ್ಟಿ ಹೊಲಿಯುವುದಕ್ಕೆ. ಡ್ಯಾಂಪರಿಗೆ ಕೈಹಾಕಿದ್ದು 1932ರಲ್ಲಿ. ಜರ್ಮನಿಯ ಬಿಲ್‌ಸ್ಟೈನ್ 1873ರಲ್ಲಿ ಮಾಡುತ್ತಿದ್ದುದು ಕಿಟಕಿಯ ಕಬ್ಬಿಣದ ಸಾಮಾನು. ಮುಂದೆ ದ ಕಾರ್ಬೋನ್ ಎಂಬ ಫ್ರೆಂಚ್ ವಿಜ್ಞಾನಿಯ ವಿನ್ಯಾಸ ಅವರ ಕೈಸೇರಿತು. ಮಾಮೂಲಿ ಡ್ಯಾಂಪರಿನ ಎಣ್ಣೆ ಕುಲುಕಾಡಿ ನೊರೆ ಬಂದರೆ ಹಿಡಿತ ತಪ್ಪುತ್ತದೆ. ಇವನ ವಿನ್ಯಾಸದಲ್ಲಿ ಎಣ್ಣೆಯ ಹಿಂದೆ ಒತ್ತಡದ ಅನಿಲ ತುಂಬಿ ನೊರೆ ಏಳದಂತೆ ತಡೆಯುತ್ತಾರೆ. 1957ರಲ್ಲಿ ಇಂಥ ಡ್ಯಾಂಪರ್ ಮರ್ಸಿಡಿಸ್ ಕಾರುಗಳಿಗೆ ಬಂತು.

ಇನ್ನು ರಸ್ತೆಯ ಕಾರು ತಗ್ಗಿದ್ದು ಹೇಗೆ? 1976ರಲ್ಲಿ ಗಾಲ್ಫ್ ಜಿಟಿಐ ಬಂತು. ಸಾಮಾನ್ಯ ಸಂಬಳದವನ ಕೈಗೂ ವೇಗದ ಕಾರು ಸಿಕ್ಕಿತು. 1982ರಲ್ಲಿ ಆಸ್ಟ್ರಿಯಾದ ವೋರ್ಥರ್‌ಜೀ ಎಂಬ ಕೆರೆಯ ದಡದಲ್ಲಿ ಜಿಟಿಐಗಳ ಜಾತ್ರೆ ಶುರುವಾಯಿತು. ನಮ್ಮೂರ ಜಾತ್ರೆಯಲ್ಲಿ ಎತ್ತಿಗೆ ಕೋಡಣಸು ಹಾಕಿ ಮೆರೆಸುವ ಹಾಗೆ ಅಲ್ಲಿ ತಗ್ಗಿಸಿದ ಕಾರುಗಳ ಮೆರವಣಿಗೆ. ಎಚ್ ಆಂಡ್ ಆರ್, ಕೆಡಬ್ಲ್ಯು ಮುಂತಾದ ಜರ್ಮನ್ ಕಂಪನಿಗಳು ಬೆಳೆದದ್ದು ಇಂಥ ಗಿರಾಕಿಗಳಿಂದ. ಜಪಾನಿನಲ್ಲಿ ಕಾಯಿಲ್‌ಓವರಿಗೆ ಶಾಕೋಚೋ ಅನ್ನುತ್ತಾರೆ, ಎತ್ತರ ಹೊಂದಿಸುವಂಥದ್ದು ಅಂತ ಅರ್ಥ. ಅಲ್ಲಿ 1995ರಲ್ಲಿ ಸರ್ಕಾರ ನಿಯಮ ಸಡಿಲಿಸಿದ ಮೇಲೆ ಇದರ ವ್ಯಾಪಾರ ಕುದುರಿತು. ಆದರೂ ಅಲ್ಲಿನ ತಪಾಸಣೆಯಲ್ಲಿ ಕಾರಿನ ಹೊಟ್ಟೆಗೂ ನೆಲಕ್ಕೂ 9 ಸೆಂಟಿಮೀಟರ್ ಅಂತರ ಇರಲೇಬೇಕು.

ನನಗೆ ಕಣ್ಣು ತೆರೆದದ್ದು ಇಲ್ಲೇ. ಭಾರ ಹೊಂದಿಸಲು ಹುಟ್ಟಿದ ಬಳೆ, ರಸ್ತೆಗೆ ಬಂದಾಗ ಅಂದ ಹೊಂದಿಸುವ ಬಳೆಯಾಯಿತು. ಬಳೆ ಕೊಡುವುದು ಎತ್ತರ ಮಾತ್ರ. ಹಿಡಿತ ಕೊಡುವುದು ಡ್ಯಾಂಪರ್, ಮತ್ತು ಚಕ್ರಕ್ಕೆ ಮೇಲೇಳಲು ಉಳಿದಿರುವ ಜಾಗ.

ಕಾರು ತಗ್ಗಿದಷ್ಟೂ ಆ ಜಾಗ ಕಡಿಮೆ. ಅದು ಮುಗಿದರೆ ಚಕ್ರ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿಗೆ ಬಡಿಯುತ್ತದೆ. ಆ ಕ್ಷಣ ಕಾರಿಗೆ ಸ್ಪ್ರಿಂಗೇ ಇಲ್ಲದ ಹಾಗೆ, ಥೇಟ್ ಅಜ್ಜನ ಎತ್ತಿನ ಗಾಡಿ! ಹಿಂದೆ ಅಮ್ಮ, ಡಿಕ್ಕಿಯಲ್ಲಿ ಉಪ್ಪಿನಕಾಯಿ ಭರಣಿ ಸಮೇತ ಎರಡು ಸೂಟ್‌ಕೇಸು. ಅವತ್ತು ಆದದ್ದು ಇದೇ.

ಇನ್ನೊಂದು ತೊಡಕು ಮ್ಯಾಕ್‌ಫರ್ಸನ್ ಕಂಬದ್ದೇ. ಕಾರು ಅತಿಯಾಗಿ ತಗ್ಗಿದರೆ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಹಾಗಾಗಿ ಕಾರು ತಗ್ಗಿದರೂ ವಾಲುವ ಚಾಳಿ ಹೆಚ್ಚಬಹುದು. ಅದನ್ನು ಮುಚ್ಚಲು ಗಡಸು ಸ್ಪ್ರಿಂಗ್ ಹಾಕುತ್ತಾರೆ, ಬೆನ್ನು ನೋಯುತ್ತದೆ.

ಕೊನೆಗೆ ಬೇರೆ ಸೆಟ್ ಆರಿಸುವಾಗ ನಾನು ನೋಡಿದ್ದು ಮೂರು. ಒಂದು, ಎಷ್ಟು ತಗ್ಗುತ್ತದೆ ಅನ್ನುವುದಲ್ಲ, ತಗ್ಗಿದ ಮೇಲೆ ಚಕ್ರಕ್ಕೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದು. ಎರಡು, ಡ್ಯಾಂಪರ್ ಆ ಸ್ಪ್ರಿಂಗಿಗೇ ಹೊಂದಿಸಿದ್ದೇ ಅನ್ನುವುದು. 1930ರ ದಶಕದಲ್ಲೇ ಜನರಲ್ ಮೋಟಾರ್ಸ್‌ನ ಮೊರಿಸ್ ಓಲಿ ಎಂಬ ಇಂಜಿನಿಯರ್, ಹಿಂದಿನ ಸ್ಪ್ರಿಂಗಿನ ಕುಣಿತ ಮುಂದಿನದಕ್ಕಿಂತ ಚುರುಕಾಗಿದ್ದರೆ ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುವುದಿಲ್ಲ ಅಂತ ತೋರಿಸಿದ್ದ. ನಾಲ್ಕಕ್ಕೂ ಕಣ್ಣುಮುಚ್ಚಿ ಗಡಸು ಸ್ಪ್ರಿಂಗ್ ತುಂಬುವವರಿಗೆ ಇದು ನೆನಪಿರುವುದಿಲ್ಲ. ಮೂರು, ಪ್ರಮಾಣಪತ್ರ. ಇಲ್ಲಿನ ತಪಾಸಣೆಯವರು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳುತ್ತಾರೆ. ಮೊದಲು ಕಿರಿಕಿರಿ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ.

ಅಂದ ಹಾಗೆ, ಬೆಂಗಳೂರಿನ ಗೆಳೆಯರು "ನಮಗೂ ಒಂದು ಸೆಟ್ ತಾರೋ" ಅನ್ನುತ್ತಿರುತ್ತಾರೆ. ಸ್ವಲ್ಪ ತಡೀರಪ್ಪಾ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮ ರೋಡ್ ಹಂಪುಗಳ ಮಾತು ಬೇರೆ ಬಿಡಿ.

ಹೊಸ ಸೆಟ್ ಹಾಕಿಸಿ, ಮೂರೇ ಸೆಂಟಿಮೀಟರ್ ತಗ್ಗಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಕಾಗದದಲ್ಲಿ ಬರೆಸಿಕೊಂಡು ಬಂದೆ. ಬಳೆಯ ತಂಟೆಗೆ ಮತ್ತೆ ಹೋಗಿಲ್ಲ.

ಅಮ್ಮನನ್ನು ವಾಪಸ್ ಬಿಡಲು ಹೋದೆನಲ್ಲ, ಅದೇ ತಿರುವು, ಅದೇ ಉಬ್ಬು. ಈ ಸಲ ಏನಂತಾಳೋ ಅಂತ ಕನ್ನಡಿಯಲ್ಲಿ ನೋಡಿದೆ. ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ನಿಮ್ಮಲ್ಲಿ ಯಾರಾದರೂ ಅಂದಕ್ಕೆ ಅಂತ ಹೋಗಿ ಹೀಗೆ ಪೆಟ್ಟು ತಿಂದಿದ್ದೀರಾ? ನಾನೊಬ್ಬನೇ ಅಲ್ಲ ಅಂತ ಸಮಾಧಾನವಾದರೂ ಆಗಲಿ, ಬರೆಯಿರಿ.