ಧೂಮಪಾನತ್ಯಾಗವೂ ಸಹವಾಸಬಲವೂ

ಸಹವಾಸದಿಂದ ಸನ್ಯಾಸಿಯೂ ಕೆಟ್ಟನೆಂಬ ಗಾದೆಯು ಕನ್ನಡನಾಡಿನ ಮನೆಮನೆಯಲ್ಲಿಯೂ ಕೇಳಿಬರತಕ್ಕದ್ದಾಗಿದೆ. ಈ ಗಾದೆಗೆ ಹೊಗೆಸೊಪ್ಪಿನ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಹಸಿವು ಬಾಯಾರಿಕೆಗಳಂತೆ ಹೊಗೆಯ ಆಸೆಯು ಮನುಷ್ಯನೊಡನೆ ಹುಟ್ಟಿ ಬಂದುದಲ್ಲ. ಮೊದಲನೆಯ ಬೀಡಿಯನ್ನು ಒಬ್ಬನು ಸಾಮಾನ್ಯವಾಗಿ ಮತ್ತೊಬ್ಬನ ಕೈಯಿಂದಲೇ ಪಡೆಯುತ್ತಾನೆ. ಆದರೆ ಅದೇ ಚರಿತ್ರೆಯಲ್ಲಿ ಗಾದೆಯು ಹೇಳದೆ ಬಿಟ್ಟ ಮತ್ತೊಂದು ಸಂಗತಿಯೂ ಉಂಟು. ಜೊತೆಗಾರರಿಂದ ಬಂದ ಈ ವ್ಯಸನವನ್ನು ಕಷ್ಟಕಾಲದಲ್ಲಿಯೂ ಮರಳಿ ಬಾರದಂತೆ ತಡೆಯುವ ಬಲವು ಬಹುಮಟ್ಟಿಗೆ ಜೊತೆಗಾರರಿಂದಲೇ ಬರುತ್ತದೆ. ಬೆಂಗಳೂರಿನ ದಕ್ಷಿಣಭಾಗದಲ್ಲಿ ನೆಲೆಗೊಂಡಿರುವ ಎರಡು ವೈದ್ಯಸಂಸ್ಥೆಗಳ ಕಾರ್ಯವು ಈ ಮಾತಿಗೆ ಸಾಕ್ಷಿಯಾಗಿದೆ. ಅದನ್ನು ತಿಳಿಯಬೇಕಾದರೆ ಮೊದಲು ಈ ಸೊಪ್ಪು ನಾಡಿಗೆ ಬಂದ ಬಗೆಯನ್ನು ನೋಡಬೇಕು.

ಹೊಗೆಸೊಪ್ಪು ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಪಶ್ಚಿಮ ಸಮುದ್ರದ ರೇವುಗಳಿಗೆ ಬಂದು, ಅಲ್ಲಿಂದ ದಖ್ಖನದ ಒಳನಾಡನ್ನು ಸೇರಿತು. ಕ್ರಿ. ಶ. 1604ರ ಸುಮಾರಿನಲ್ಲಿ ಅಕ್ಬರ್ ಚಕ್ರವರ್ತಿಯ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಎರಡನೆಯ ಇಬ್ರಾಹಿಂ ಆದಿಲ್‌ಷಾಹನ ಆ ರಾಜಧಾನಿಯಲ್ಲಿ ಈ ವಸ್ತುವನ್ನು ಕಂಡನು. ಉತ್ತರದೇಶದಲ್ಲಿ ತಾನು ಎಂದೂ ಕಾಣದಿದ್ದ ಈ ಸೋಜಿಗವನ್ನು ಕೊಳವೆ ಸಮೇತವಾಗಿ ಕೊಂಡೊಯ್ದು ಚಕ್ರವರ್ತಿಯ ಮುಂದಿರಿಸಿದನು. ವೈದ್ಯನು ಬೇಡವೆಂದು ತಡೆದರೂ ಅಕ್ಬರನು ಕುತೂಹಲಕ್ಕಾಗಿ ಒಂದೆರಡು ಸಲ ಸೇದಿ ಬಿಟ್ಟನು; ಮುಂದೆ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಅಸದ್ ಬೇಗನು ತಾನು ತಂದುದನ್ನು ಆಸ್ಥಾನದ ಅಮೀರರಿಗೆ ಹಂಚಿದನು. ಹಂಚಿದಷ್ಟೂ ಕೇಳುವವರು ಹೆಚ್ಚಿದರು. ಕೇಳುವವರು ಹೆಚ್ಚಿದೊಡನೆ ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನಾದರೂ ಆ ಆಜ್ಞೆಯಿಂದ ಹೆಚ್ಚಿನ ಫಲವೇನೂ ಆಗಲಿಲ್ಲ. ಗೆಳೆಯನು ಗೆಳೆಯನಿಗೆ ನೀಡಿದುದನ್ನು ಅರಸನ ಆಜ್ಞೆಯೊಂದೇ ಬಿಡಿಸಲಾರದೆಂಬುದು ಅಂದಿಗೇ ವಿದಿತವಾಯಿತು.

ಅನಂತರದ ಮೂರು ಶತಮಾನಗಳಲ್ಲಿ ಹೊಗೆಸೊಪ್ಪು ಕನ್ನಡನಾಡಿನ ಜೀವನದೊಳಗೆ ಹೊಕ್ಕುಹೋಯಿತು. ಎಲೆಯಡಿಕೆಯ ತಟ್ಟೆಯಲ್ಲಿ ಅದಕ್ಕೊಂದು ಸ್ಥಾನ ದೊರೆಯಿತು. ನಶ್ಯದ ಡಬ್ಬಿಯು ಪಂಡಿತರ ಸೊಂಟವನ್ನೂ, ಚಿಲುಮಿಯು ಊರಮುಂದಿನ ಕಟ್ಟೆಯನ್ನೂ ಸೇರಿದವು. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವುದು ಸಹಸ್ರಾರು ಹೆಂಗಸರ ಜೀವನೋಪಾಯವಾಯಿತು. ಹುಣಸೂರು ಪಿರಿಯಾಪಟ್ಟಣಗಳ ಹೊಲಗಳಲ್ಲಿ ಸಿಗರೇಟಿಗೆ ಬೇಕಾದ ಸೊಪ್ಪು ಬೆಳೆಯತೊಡಗಿತು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ದೊಡ್ಡದೊಂದು ಸಿಗರೇಟು ಕಾರ್ಖಾನೆಯೂ ಏರ್ಪಟ್ಟಿತು. ಎರಡು ಮಹಾಯುದ್ಧಗಳಲ್ಲಿಯೂ ಸಿಪಾಯಿಗಳಿಗೆ ಅಕ್ಕಿ ಗೋಧಿಗಳೊಡನೆ ಸಿಗರೇಟನ್ನೂ ಹಂಚಿದುದರಿಂದ, ಕಷ್ಟವು ಬಂದಾಗ ಹೊಗೆಯೇ ಸಮಾಧಾನವೆಂಬ ಭಾವನೆಯು ಲೋಕದಲ್ಲೆಲ್ಲ ಬೇರೂರಿತು. ಈ ಭಾವನೆಯೇ ಈ ವ್ಯಸನದ ಗುಟ್ಟು.

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬುವರೂ, ಅಮೆರಿಕೆಯ ವಿಂಡರ್ ಮತ್ತು ಗ್ರಹಾಂ ಎಂಬುವರೂ ಪ್ರಕಟಪಡಿಸಿದರು. ಅಮೆರಿಕಾ ಸರ್ಕಾರದ ಪ್ರಧಾನ ವೈದ್ಯಾಧಿಕಾರಿಯ 1964ರ ವರದಿಯು ಅದನ್ನು ಲೋಕಕ್ಕೆಲ್ಲ ಸಾರಿತು. 1988ರ ಮತ್ತೊಂದು ವರದಿಯು ನಿಕೋಟಿನ್ ಎಂಬ ಸತ್ತ್ವವು ವ್ಯಸನವನ್ನು ಹುಟ್ಟಿಸತಕ್ಕದ್ದೆಂದು ನಿರ್ಣಯಿಸಿತು. ಸೇದಿದ ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಕೆಲವು ಗಂಟೆಗಳಲ್ಲಿ ಅದರ ಪ್ರಮಾಣ ಇಳಿದೊಡನೆ ಚಡಪಡಿಕೆ, ಸಿಡುಕು, ನಿದ್ರಾಭಂಗಗಳು ತೋರುತ್ತವೆ. ಮತ್ತೊಂದು ಸಿಗರೇಟನ್ನು ಹಚ್ಚಿದರೆ ಅವು ಶಮನವಾಗುತ್ತವೆ. ಸೇದುವವನು ಇದನ್ನೇ ದುಃಖಶಮನವೆಂದು ತಿಳಿಯುತ್ತಾನೆ. ವಾಸ್ತವವಾಗಿ ಹಿಂದಿನ ಸಿಗರೇಟು ತಂದಿಟ್ಟ ಚಡಪಡಿಕೆಯನ್ನು ಮುಂದಿನದು ಸ್ವಲ್ಪ ಹೊತ್ತು ಮರೆಸಿತೇ ಹೊರತು, ಸಾಲವಾಗಲಿ ರೋಗವಾಗಲಿ ಮರಣದುಃಖವಾಗಲಿ ಅದರಿಂದ ಕಡಮೆಯಾದುದಿಲ್ಲ.

ಬಿಟ್ಟವನ ದೇಹಬಾಧೆಯು ಮೊದಲನೆಯ ವಾರದಲ್ಲಿ ಉಗ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಆದರೆ ಮನಸ್ಸಿನ ನೆನಪು ಹಾಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಹೊಗೆಯನ್ನು ಮುಟ್ಟದಿದ್ದವನು ಸಹ ಕೆಲಸ ಹೋದ ದಿನ, ಆಸ್ಪತ್ರೆಯ ಬಾಗಿಲಲ್ಲಿ ಕಾದ ರಾತ್ರಿ, ಮನೆಯಲ್ಲಿ ಸಾವು ಸಂಭವಿಸಿದ ಹೊತ್ತು, ಯಾರೋ ನೀಡಿದ ಒಂದೇ ಒಂದು ಸಿಗರೇಟಿಗೆ ಕೈಚಾಚಿ ಮೊದಲಿನ ಸ್ಥಿತಿಗೆ ಬೀಳುವುದುಂಟು. ಯಾರ ನೆರವೂ ಇಲ್ಲದೆ ಬಿಡಲು ಪ್ರಯತ್ನಿಸಿದವರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಸ್ಥಿರವಾಗಿ ನಿಂತವರು ನೂರಕ್ಕೆ ಮೂರರಿಂದ ಐದು ಜನ ಮಾತ್ರವೆಂದು ಸಂಶೋಧಕರು ಕಂಡಿದ್ದಾರೆ. ಇದು ಇಚ್ಛಾಶಕ್ತಿಯ ಕೊರತೆಯೆಂದು ಜರೆಯುವುದು ಸುಲಭ. ಒಬ್ಬಂಟಿಯಾಗಿ ಹೊರಲಾಗದ ಹೊರೆಯೆಂದು ತಿಳಿಯುವುದು ನ್ಯಾಯ.

ಕಷ್ಟದಲ್ಲಿ ಸಿಕ್ಕಿದ ವ್ಯಸನಿಗೆ ಅದೇ ವ್ಯಸನದ ಅನುಭವವುಳ್ಳ ಮತ್ತೊಬ್ಬನೇ ಆಸರೆಯೆಂಬ ತತ್ತ್ವವು ಆಧುನಿಕ ಕಾಲದಲ್ಲಿ ಪ್ರಸಿದ್ಧಿಗೆ ಬಂದುದು ಮದ್ಯಪಾನಿಗಳಿಂದ. 1935ರಲ್ಲಿ ನ್ಯೂಯಾರ್ಕಿನ ಷೇರುವ್ಯಾಪಾರದ ಬಿಲ್ ವಿಲ್ಸನ್ ಎಂಬುವನು ಕುಡಿತವನ್ನು ಬಿಟ್ಟು ಕೆಲವು ತಿಂಗಳಾಗಿದ್ದಾಗ, ಅಕ್ರಾನ್ ನಗರದಲ್ಲಿ ತನ್ನ ವ್ಯವಹಾರ ಕೆಟ್ಟು ಹೋಟಲಿನಲ್ಲಿ ಒಂಟಿಯಾಗಿ ನಿಂತನು. ಪಾನಗೃಹವು ಕಣ್ಣೆದುರಿಗೇ ಇದ್ದಿತು. ಅವನು ಅದರೊಳಕ್ಕೆ ಹೋಗದೆ, ತನ್ನಂತೆಯೇ ಕುಡಿತದಿಂದ ನೊಂದ ಮತ್ತೊಬ್ಬನನ್ನು ಹುಡುಕಲು ಟೆಲಿಫೋನನ್ನು ಹಿಡಿದನು. ಆ ಹುಡುಕಾಟದಿಂದ ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬುವನ ಪರಿಚಯವಾಗಿ, ಅವರಿಬ್ಬರಿಂದ ಅನಾಮಿಕ ಮದ್ಯಪಾನಿಗಳ ಕೂಟವು ಹುಟ್ಟಿತು. ಇನ್ನೊಬ್ಬನನ್ನು ಎತ್ತಲು ಹೋದವನು ತಾನೂ ಬೀಳದೆ ಉಳಿಯುವನೆಂಬುದು ಆ ಕೂಟದ ಮೂಲಾನುಭವ.

ಆದರೆ ಅದೇ ವಿಲ್ಸನ್ ಸಿಗರೇಟಿನಿಂದ ಬಿಡುಗಡೆಯಾಗಲು ಬಹುಕಾಲ ಹೆಣಗಿ, ಕಡೆಗೆ 1971ರಲ್ಲಿ ಶ್ವಾಸಕೋಶದ ರೋಗದಿಂದ ಮೃತನಾದನು. ಅವನ ಕಾಲದ ಆ ಕೂಟಗಳ ಕೋಣೆಗಳಲ್ಲಿ ಮದ್ಯವಿರಲಿಲ್ಲ. ಹೊಗೆಯು ಮಾತ್ರ ತುಂಬಿರುತ್ತಿತ್ತು. ಕುಡಿತದ ವಿಷಯದಲ್ಲಿ ಒಬ್ಬರನ್ನೊಬ್ಬರು ಕಾದವರು ಹೊಗೆಯ ವಿಷಯದಲ್ಲಿ ಕಾಯಲಿಲ್ಲ. ಸಂಗವು ಯಾವುದನ್ನು ಬಿಡಿಸಲೆಂದು ಕೂಡುತ್ತದೆಯೋ ಅದನ್ನೇ ಬಿಡಿಸುತ್ತದೆ, ಉಳಿದುದನ್ನು ಹಂಚಿಕೊಳ್ಳುತ್ತದೆ. ಇದನ್ನರಿತ ಕೆಲವರು 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿಕೋಟಿನ್ ವ್ಯಸನಿಗಳಿಗಾಗಿಯೇ ಅಂತಹ ಬೇರೊಂದು ಕೂಟವನ್ನು ಆರಂಭಿಸಿದರು.

ಇನ್ನು ಬೆಂಗಳೂರಿನ ಕಡೆಗೆ ತಿರುಗಬಹುದು. ನಗರದ ದಕ್ಷಿಣದಲ್ಲಿ ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಯಿತು. ಮುಂದೆ ಬನಶಂಕರಿ, ಜಯಪ್ರಕಾಶನಗರಗಳೂ, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲಕ್ಷರಗಳಿಂದ ಹೆಸರಾದ ಬಿ. ಟಿ. ಎಂ. ಬಡಾವಣೆಯೂ ಬೆಳೆದವು. ಇವುಗಳಿಗೆ ಹೊಂದಿದಂತೆಯೇ ಹೊಸೂರು ರಸ್ತೆಯ ಬಳಿಯಲ್ಲಿ ಎರಡು ದೊಡ್ಡ ಸಂಸ್ಥೆಗಳಿವೆ. ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ‘ನಿಮ್ಹಾನ್ಸ್’ ಎಂಬ ಹೆಸರನ್ನು ಪಡೆದವು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಆರಂಭವಾಯಿತು. ಒಂದರಲ್ಲಿ ಹೊಗೆಯ ವ್ಯಸನದಿಂದ ಕಟ್ಟುಬಿದ್ದ ಮನಸ್ಸನ್ನೂ, ಮತ್ತೊಂದರಲ್ಲಿ ಹೊಗೆಯಿಂದ ಬೆಂದ ದೇಹವನ್ನೂ ವೈದ್ಯರು ದಿನದಿನವೂ ನೋಡುತ್ತಿದ್ದಾರೆ.

ಕಿದ್ವಾಯಿ ಸಂಸ್ಥೆಯವರು ರೋಗವು ಬಂದ ಮೇಲೆ ಚಿಕಿತ್ಸೆ ಮಾಡುವುದರಲ್ಲಿಯೇ ತೃಪ್ತರಾಗಲಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಅವರು ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಆರೋಗ್ಯಕೇಂದ್ರದ ಕಾರ್ಯಕರ್ತರ ಮೂಲಕ ಹೊಗೆಸೊಪ್ಪಿನ ಕೆಡುಕನ್ನು ತಿಳಿಸುವ ಪ್ರಯೋಗವೊಂದನ್ನು ನಡೆಸಿದರು. ಚಿತ್ರಗಳನ್ನು ತೋರಿಸುವುದರ ಜೊತೆಗೆ ಜನರನ್ನು ಮುಖತಃ ಕಂಡು ಮಾತನಾಡುವುದೂ ಅದರ ಅಂಗವಾಗಿತ್ತು. ಐದು ವರ್ಷಗಳ ತರುವಾಯ ಎಣಿಸಿ ನೋಡಿದಾಗ, ಆ ಹಳ್ಳಿಗಳಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದ ಗಂಡಸರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿಯೂ, ಹೆಂಗಸರಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಯೂ ಅದನ್ನು ಬಿಟ್ಟಿದ್ದರು. ಹೋಲಿಕೆಗಾಗಿ ಇರಿಸಿಕೊಂಡಿದ್ದ ಬೇರೆ ಹಳ್ಳಿಗಳಲ್ಲಿ ಬಿಟ್ಟವರ ಸಂಖ್ಯೆಯು ಅತ್ಯಲ್ಪವಾಗಿತ್ತು. ಪಟ್ಟಣದ ಔಷಧವಿಲ್ಲದೆ, ಊರಿನಲ್ಲಿ ಓಡಾಡುವ ಪರಿಚಿತ ಮುಖಗಳ ಮಾತಿನಿಂದ ಇಷ್ಟು ನಡೆಯಿತೆಂಬುದು ಗಮನಾರ್ಹವಾಗಿದೆ.

2002ರಲ್ಲಿ ಭಾರತದಲ್ಲಿ ಹೊಗೆಸೊಪ್ಪು ಬಿಡಿಸುವ ಚಿಕಿತ್ಸಾಲಯಗಳು ಮೊದಲಬಾರಿಗೆ ಏರ್ಪಟ್ಟಾಗ, ಈ ಎರಡು ಸಂಸ್ಥೆಗಳೂ ಆ ಮೊದಲ ಪಂಕ್ತಿಯಲ್ಲಿದ್ದವು. 2018ರಲ್ಲಿ ರಾಷ್ಟ್ರೀಯ ದೂರವಾಣಿ ಸಹಾಯಸೇವೆಯ ಒಂದು ಪ್ರಾದೇಶಿಕ ಕೇಂದ್ರವು ನಿಮ್ಹಾನ್ಸ್‌ನಲ್ಲಿ ತೆರೆಯಿತು. ಆ ವರ್ಷದಿಂದ ಸೇವೆಯ ಸಂಖ್ಯೆಯು ಬೀಡಿ ಸಿಗರೇಟುಗಳ ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿದೆ. ಕರೆಮಾಡಿದವನಿಗೆ ಅವನ ಭಾಷೆಯಲ್ಲಿ ಉತ್ತರವೀಯುವುದು, ಬಿಡುವ ದಿನವನ್ನು ಅವನಿಂದಲೇ ಗೊತ್ತುಮಾಡಿಸುವುದು, ಅನಂತರ ತಾವಾಗಿಯೇ ಕರೆಮಾಡಿ ಯೋಗಕ್ಷೇಮವನ್ನು ವಿಚಾರಿಸುವುದು ಇದರ ಕ್ರಮ. ಒಮ್ಮೆ ಬಿಟ್ಟುದು ಸಾಲದು, ಬಿಟ್ಟವನನ್ನು ಕೇಳುವವರೊಬ್ಬರು ಬೇಕೆಂಬ ತಿಳಿವು ಈ ಕ್ರಮದಲ್ಲಿದೆ.

ಕಾನೂನು ಸುಮ್ಮನಿದ್ದಿತೆಂದಲ್ಲ. ನಾಟಕಶಾಲೆ, ಚಿತ್ರಮಂದಿರ ಮೊದಲಾದೆಡೆಗಳಲ್ಲಿ ಧೂಮಪಾನವನ್ನು ತಡೆಯುವ ಶಾಸನವು ಇಲ್ಲಿ 1963ರಲ್ಲಿಯೇ ಬಂದಿತು. 2003ರಲ್ಲಿ ಕೇಂದ್ರಶಾಸನವಾಯಿತು, 2008ರ ಗಾಂಧಿಜಯಂತಿಯಿಂದ ದೇಶದ ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧದ ಹೊಸ ನಿಯಮಗಳು ಜಾರಿಗೆ ಬಂದವು. 2025ರಲ್ಲಿ ಕರ್ನಾಟಕದ ತಿದ್ದುಪಡಿಯು ಖರೀದಿಯ ವಯಸ್ಸನ್ನು 21ಕ್ಕೂ, ದಂಡವನ್ನು 1000 ರೂಪಾಯಿಗೂ ಏರಿಸಿತು. ರಾಜ್ಯದ ವಯಸ್ಕರಲ್ಲಿ ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಬಳಸುವವರು 2009-10ರಲ್ಲಿ ನೂರಕ್ಕೆ 28.2 ಇದ್ದುದು 2016-17ರಲ್ಲಿ 22.8ಕ್ಕೆ ಇಳಿದುದೂ ಉಂಟು. ಆದರೆ ಶಾಸನವು ಸಭಾಂಗಣದ ಗಾಳಿಯನ್ನು ಶುದ್ಧಿಮಾಡಬಲ್ಲದು. ನಡುರಾತ್ರಿಯ ದುಃಖದಲ್ಲಿ ಒಬ್ಬನ ಬಳಿ ಕುಳಿತುಕೊಳ್ಳಲಾರದು.

ಸಹವಾಸದ ಬಲವನ್ನು ಅಂಕಿಗಳಿಂದ ಅಳೆದವರೂ ಇದ್ದಾರೆ. ಅಮೆರಿಕೆಯ ಫ್ರೇಮಿಂಗ್‌ಹ್ಯಾಂ ಊರಿನಲ್ಲಿ ಆರಂಭವಾದ ದೀರ್ಘಾಧ್ಯಯನದ 12,067 ಜನರ 1971ರಿಂದ 2003ರವರೆಗಿನ ವೃತ್ತಾಂತವನ್ನು ಪರಿಶೀಲಿಸಿ, ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬುವರು 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಂಪತಿಗಳಲ್ಲಿ ಒಬ್ಬರು ಬಿಟ್ಟರೆ ಮತ್ತೊಬ್ಬರು ಸೇದುವ ಸಂಭವವು ನೂರಕ್ಕೆ 67ರಷ್ಟೂ, ಸ್ನೇಹಿತನು ಬಿಟ್ಟರೆ 36ರಷ್ಟೂ, ಒಡಹುಟ್ಟಿದವರು ಬಿಟ್ಟರೆ 25ರಷ್ಟೂ ಕಡಮೆಯಾಗುತ್ತಿತ್ತು. ಜನರು ಒಬ್ಬೊಬ್ಬರಾಗಿ ಅಲ್ಲ, ಗುಂಪುಗುಂಪಾಗಿ ಹೊಗೆಯನ್ನು ಬಿಟ್ಟಿದ್ದರು. ಬೇರೆ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದವರು, ಪುಸ್ತಕದ ನೆರವಿನಿಂದ ತಾನೇ ಬಿಡಲು ಯತ್ನಿಸುವವರಿಗಿಂತ ಕೂಟದಲ್ಲಿ ಸೇರಿ ಬಿಡುವವರಲ್ಲಿ ಜಯವು ಹೆಚ್ಚುಕಡಮೆ ಎರಡರಷ್ಟೆಂದು ಕಂಡರು. ವೈದ್ಯನು ಒಬ್ಬೊಬ್ಬನಿಗೇ ಕೊಡುವ ಸಲಹೆಗಿಂತ ಕೂಟವು ಮೇಲೆಂದು ಮಾತ್ರ ಸಿದ್ಧವಾಗಿಲ್ಲ. ಆದಕಾರಣ ಕೂಟವು ಚಿಕಿತ್ಸೆಗೆ ಪ್ರತಿಯಲ್ಲ, ಜೊತೆ.

ಈ ತತ್ತ್ವಕ್ಕೆ ಕಠಿನವಾದ ಪರೀಕ್ಷೆಯು 2020ರಲ್ಲಿ ಒದಗಿತು. ಕೋವಿಡ್ ಸಾಂಕ್ರಾಮಿಕದಿಂದಾಗಿ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಗೂಡಂಗಡಿಯ ಮುಂದೆ ಚಹಾದ ಲೋಟವನ್ನೂ ಬಿಡಿ ಸಿಗರೇಟನ್ನೂ ಹಿಡಿದು ನಿಲ್ಲುತ್ತಿದ್ದ ಗುಂಪು ಚದರಿತು. ಬಿಡಬೇಕೆಂದಿದ್ದವನಿಗೆ ಇದೊಂದು ಅವಕಾಶವಾಗಿತ್ತು. ಆದರೆ ಭಯ, ಸಂಬಳದ ಕಡಿತ, ಬಂಧುಗಳ ಮರಣ ಇವುಗಳ ನಡುವೆ ಕೈಹಿಡಿಯುವ ಜೊತೆಯೂ ಅದರೊಡನೆಯೇ ದೂರವಾಯಿತು. ಊರುಬಿಟ್ಟು ಬಂದು ಬಾಡಿಗೆ ಕೋಣೆಗಳಲ್ಲಿ ವಾಸಿಸುವ ತರುಣರು ಹೆಚ್ಚಾಗಿರುವ ಬಡಾವಣೆಗಳಲ್ಲಿ ಈ ಒಂಟಿತನವು ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಹತ್ತಿರ ಕೂಡುವಂತಿಲ್ಲದ ಆ ದಿನಗಳಲ್ಲಿ ದೂರವಾಣಿಯ ದನಿಯೇ ಸಂಗವಾಗಬೇಕಾಯಿತು. 1935ರಲ್ಲಿ ಅಕ್ರಾನಿನ ಹೋಟಲಿನಲ್ಲಿ ಒಬ್ಬನು ಹಿಡಿದ ಸಾಧನವೂ ಅದೇ ಆಗಿತ್ತಷ್ಟೆ.

ಎಂತಹ ಜೊತೆಯು ಉಪಕಾರಕವೆಂಬುದನ್ನೂ ಈ ಚರಿತ್ರೆಯೇ ತಿಳಿಸುತ್ತದೆ. ಜಾರಿದವನನ್ನು ಹಂಗಿಸುವ ಜೊತೆಯಿಂದ ಕಾರ್ಯವಾಗದು. ಹಂಗಿಸಿಕೊಂಡವನು ಮುಂದಿನ ಸಲ ಮರೆಯಲ್ಲಿ ಸೇದುತ್ತಾನೆ. ಒಂದು ಸಿಗರೇಟಿನಿಂದ ಎಲ್ಲವೂ ಕೆಟ್ಟಿತೆನ್ನದೆ, ಎರಡನೆಯದನ್ನು ಹಚ್ಚುವ ಮೊದಲು ಹೇಳಿಕೋ ಎನ್ನುವವರು ಬೇಕು. ಮನೆಯವರ ಕೆಲಸವೂ ಇದರಲ್ಲಿ ಸಣ್ಣದಲ್ಲ. ಸಾವು ನೋವುಗಳಾದ ಮನೆಯಲ್ಲಿ ನೆಂಟರು ಊಟದ ಚಿಂತೆಯನ್ನು ವಹಿಸಿಕೊಳ್ಳುವುದು ಈ ನಾಡಿನ ಸಂಪ್ರದಾಯ. ಆ ದಿನಗಳಲ್ಲಿ, ಹೊಗೆಯನ್ನು ಬಿಟ್ಟಿರುವ ಮಗನೋ ಅಳಿಯನೋ ಒಬ್ಬನೇ ಬೀದಿಯ ಕಡೆಗೆ ಎದ್ದುಹೋದಾಗ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವವರೊಬ್ಬರು ಮನೆಯಲ್ಲಿದ್ದರೆ, ಬಿಜಾಪುರದಿಂದ ಹೊರಟು ಕೈಯಿಂದ ಕೈಗೆ ಬಂದ ಈ ವ್ಯಸನವು ಆ ಮನೆಯ ಬಾಗಿಲಲ್ಲಿ ನಿಂತೀತು.