ತಲೆಗೆ ಎರೆದ ನೀರು

ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಮನೆಗಳಲ್ಲಿ ಹಿರಿಯರು ‘ಸ್ನಾನ ಮಾಡಿದೆ’ ಎಂದು ಹೇಳುತ್ತಿದ್ದುದು ಕಡಮೆ. ‘ಮೈಗೆ ನೀರು ಹಾಕಿಕೊಂಡೆ’ ಎಂಬುದು ಒಂದು ಮಾತು. ‘ತಲೆಗೆ ಎರೆದುಕೊಂಡೆ’ ಎಂಬುದು ಅದಕ್ಕಿಂತ ಬೇರೆಯಾದ, ತೂಕವುಳ್ಳ ಇನ್ನೊಂದು ಮಾತು. ಮೊದಲನೆಯದು ದಿನನಿತ್ಯದ್ದು, ಎರಡನೆಯದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರತಕ್ಕದ್ದು. ‘ಎರೆ’ ಎಂಬ ಧಾತು ಬಹು ಹಳೆಯದು. ಮೇಲಿನಿಂದ ಧಾರೆಯಾಗಿ ಸುರಿಯುವುದು ಅದರ ಅರ್ಥ. ಮದುವೆಯಲ್ಲಿ ಕನ್ಯೆಯನ್ನು ಧಾರೆ ಎರೆಯುವುದೂ ಅದೇ ಧಾತುವಿನಿಂದ. ಈ ಎರಡು ಮಾತುಗಳ ನಡುವಣ ವ್ಯತ್ಯಾಸದಲ್ಲಿ ನರವೈದ್ಯಶಾಸ್ತ್ರದ ಒಂದು ಅಧ್ಯಾಯವೇ ಅಡಗಿತ್ತೆಂಬುದನ್ನು ಈ ಹೊತ್ತು ನಿವೇದಿಸಬೇಕೆಂದಿದ್ದೇನೆ.

ನಮ್ಮ ಸೀಮೆಯ ಬಚ್ಚಲುಮನೆಯನ್ನು ಬಲ್ಲವರಿಗೆ ವರ್ಣನೆ ಬೇಕಿಲ್ಲ. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ನಡುವೆ ಕೂರಲು ಒಂದು ಕಲ್ಲು. ಕಡೂರಿನ ಕಡೆ ತೆಂಗಿನ ಗರಿ ಚಿಪ್ಪುಗಳ ಉರಿ, ತರೀಕೆರೆಯಲ್ಲಿ ಅಡಕೆಯ ಸಿಪ್ಪೆ, ಅಜ್ಜಂಪುರದ ಕರಿನೆಲದಲ್ಲಿ ಹತ್ತಿಕಡ್ಡಿ. ಎಣ್ಣೆ ಒತ್ತಿ, ಸೀಗೆಪುಡಿ ತಿಕ್ಕಿ, ಹೊಗೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ನೆತ್ತಿಗೆ ಸುರಿದರೇ ಎರೆದಂತೆ. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬದಲ್ಲಿ ಆ ಹಂಡೆಗೇ ಪೂಜೆ.

ಈ ಸುಖದ ನಡುವೆ ಕೆಲವರು ಕುಸಿಯುತ್ತಿದ್ದರು. ನನ್ನ ಬಾಲ್ಯದಲ್ಲಿ ನೆರೆಮನೆಯ ಹುಡುಗನೊಬ್ಬ ಶನಿವಾರದ ಎಣ್ಣೆಸ್ನಾನದ ದಿನ ಬಚ್ಚಲಿನಲ್ಲಿ ಕಣ್ಣು ನೆಟ್ಟು, ಏನೇನೋ ತೊದಲಿ, ಬಿದ್ದುಬಿಡುತ್ತಿದ್ದ. ವಾರದ ಮಿಕ್ಕ ದಿನಗಳಲ್ಲಿ ಅವನಷ್ಟು ಚುರುಕಾದ ಹುಡುಗ ಬೀದಿಯಲ್ಲಿರಲಿಲ್ಲ. ತೂಬಿನಲ್ಲಿ ಗಾಳಿ ಸೇರಿದೆಯೆಂದು ನಿಂಬೆಹಣ್ಣು ಕೊಯ್ದರು, ತಾಯಿತ ಕಟ್ಟಿದರು. ಕಡೆಗೆ ಬಚ್ಚಲನ್ನೇ ಕೆಡವಿ ಹಿತ್ತಿಲ ಇನ್ನೊಂದು ಮೂಲೆಯಲ್ಲಿ ಕಟ್ಟಿಸಿದರು. ಹೊಸ ಬಚ್ಚಲಿನಲ್ಲಿಯೂ ಹಂಡೆ ಅದೇ, ಚೊಂಬೂ ಅದೇ.

ಮೂರ್ಛೆರೋಗ ನಮ್ಮ ಪ್ರಾಚೀನರಿಗೆ ಅಪರಿಚಿತವೇನಲ್ಲ. ನೆನಪು ತೊಲಗುವುದರಿಂದ ಅದು ‘ಅಪಸ್ಮಾರ’. ಚರಕಸಂಹಿತೆಯ ನಿದಾನಸ್ಥಾನ ಚಿಕಿತ್ಸಾಸ್ಥಾನಗಳೆರಡರಲ್ಲಿಯೂ ಅದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಆದರೆ ಬಿಸಿನೀರಿನಿಂದ ಬರುವ ಮೂರ್ಛೆಯ ವೈದ್ಯಕೀಯ ಚರಿತ್ರೆ ಆರಂಭವಾಗುವುದು 1945ರಲ್ಲಿ, ದೂರದ ನ್ಯೂಜಿಲೆಂಡಿನಲ್ಲಿ. ಅಲೆನ್ ಎಂಬ ವೈದ್ಯರು ಸ್ನಾನದ ವೇಳೆ ಮೂರ್ಛೆ ಹೋಗುತ್ತಿದ್ದ ಒಬ್ಬ ಬಾಲಕನ ವಿಷಯ ಬರೆದರು. ಅನಂತರ ಪ್ರಪಂಚದ ಬೇರೆ ಬೇರೆ ಕಡೆಗಳಿಂದ ಒಂದೊಂದು, ಎರಡೆರಡು ವರದಿಗಳು ಬಂದವು. ಅಪರೂಪದ ಸಂಗತಿಯೆಂದು ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಉಳಿದುಹೋದವು.

ಅಡಿಟಿಪ್ಪಣಿಯನ್ನು ಅಧ್ಯಾಯವಾಗಿಸಿದವರು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ. 1847ರ ಹುಚ್ಚಾಸ್ಪತ್ರೆಯ ಪರಂಪರೆಯಲ್ಲಿ 1954ರಲ್ಲಿ ರೂಪುಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆದದ್ದು ಓದುಗರಿಗೆ ಗೊತ್ತಿದೆ. ಮಣಿಯವರೂ ಸಹೋದ್ಯೋಗಿಗಳೂ 1968ರಲ್ಲಿ ತಮ್ಮ ಮೊದಲ ವರದಿ ಪ್ರಕಟಿಸಿದರು. 1972ರ ಹೊತ್ತಿಗೆ ರೋಗಿಗಳ ಸಂಖ್ಯೆ 60, 1974ಕ್ಕೆ 108. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮೊದಲಾದವರು ವರ್ಣಿಸಿದವರು 279 ಮಂದಿ. ಜಗತ್ತಿಗೆಲ್ಲ ಅಪರೂಪವಾದದ್ದು ಕರ್ನಾಟಕದ ಹೊರರೋಗಿ ವಿಭಾಗದಲ್ಲಿ ಸಾಲುಗಟ್ಟಿ ನಿಂತಿತ್ತು.

ಸಾಲು ಮೊದಲೂ ಇದ್ದಿರಬೇಕು. ಆದರೆ ‘ಯಾವಾಗ ಬರುತ್ತದೆ?’ ಎಂದು ಕೇಳಿದರೆ ‘ಸ್ನಾನದಲ್ಲಿ’ ಎಂಬ ಉತ್ತರ ಏನನ್ನೂ ಹೇಳುವುದಿಲ್ಲ. ‘ಮೈಗೋ ತಲೆಗೋ?’ ಎಂದು ಕೇಳಬೇಕು. ಇಂಗ್ಲಿಷಿನ ಒಂದೇ ‘ಬಾತ್’ ಶಬ್ದದಲ್ಲಿ ಆ ಪ್ರಶ್ನೆ ಹುಟ್ಟುವುದು ಕಷ್ಟ. ಕನ್ನಡದ ಅಜ್ಜಿಯ ಬಾಯಲ್ಲಿ ಅದು ಹುಟ್ಟುವ ಮೊದಲೇ ಉತ್ತರವಾಗಿದೆ. ವೈದ್ಯರು ಕಂಡುಕೊಂಡದ್ದೂ ಅದನ್ನೇ: ಈ ರೋಗಿಗಳಲ್ಲಿ ಮೈಗೆ ಹಾಕಿದ ನೀರು ಸಾಮಾನ್ಯವಾಗಿ ತೊಂದರೆ ಕೊಡದು; 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ತಲೆಯ ಮೇಲೆ ವೇಗವಾಗಿ ಸುರಿದಾಗ ಮಿದುಳಿನ ಉಷ್ಣನಿಯಂತ್ರಣ ತಪ್ಪಿ ಸೆಳವು ಹುಟ್ಟುತ್ತದೆಂಬುದು ಅವರ ಊಹೆ. ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಸೆಳವು ಮೊದಲಾಗುವುದು ಕೈಕಾಲು ಸೆಟೆಯುವುದರಿಂದಲ್ಲ. ಮಂಕಾದ ನೋಟ, ಕಾರಣವಿಲ್ಲದ ಭಯ, ಅಸಂಬದ್ಧ ಮಾತು, ಕೆಲವೊಮ್ಮೆ ಇಲ್ಲದ್ದು ಕಾಣುವುದು, ಕೇಳುವುದು. ಇಂಥದನ್ನು ಕಂಡ ಮನೆಯವರು ದೆವ್ವವೆಂದರೆ ನಗಬೇಕಾದುದೇನೂ ಇಲ್ಲ. ಮತ್ತೂ ವಿಚಿತ್ರವೆಂದರೆ, ಕೆಲವರಿಗೆ ಆ ಸ್ಥಿತಿಯಲ್ಲಿ ಒಂದು ಬಗೆಯ ಸುಖ ದೊರೆಯುತ್ತದೆ. ಪ್ರಜ್ಞೆ ತಪ್ಪುವವರೆಗೂ ತಾವಾಗಿಯೇ ಚೊಂಬು ಎತ್ತಿ ಎತ್ತಿ ಸುರಿದುಕೊಳ್ಳುತ್ತಾರೆ. ಬಚ್ಚಲಿನಿಂದ ಹೊರಗೆ ಬಾರದ ಮಗುವನ್ನು ಹಟಮಾರಿಯೆಂದು ಬಡಿದ ತಾಯಂದಿರು ಎಷ್ಟು ಮಂದಿಯೋ.

ಹಳ್ಳಿಗಳಲ್ಲಿ ಇದರ ಹರವು ಎಷ್ಟೆಂಬುದು ತಿಳಿದದ್ದು ಯಳಂದೂರಿನಲ್ಲಿ. ಅಲ್ಲಿ 64,963 ಜನರ ನಡುವೆ ಮಣಿಯವರ ತಂಡ ಮನೆಮನೆ ಸುತ್ತಿ ನಡೆಸಿದ ಮೂರ್ಛೆರೋಗದ ಸಮೀಕ್ಷೆ 1998ರಲ್ಲಿ ಪ್ರಕಟವಾಯಿತು. ಅಲ್ಲಿನ ಮೂರ್ಛೆರೋಗಿಗಳಲ್ಲಿ ನೂರಕ್ಕೆ ಸುಮಾರು 7 ಮಂದಿಯದು ಬಿಸಿನೀರಿನ ಮೂರ್ಛೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು.

ನಮ್ಮಲ್ಲೇ ಏಕೆ? ಎರೆಯುವ ಪದ್ಧತಿ ಒಂದು ಕಾರಣವೆಂಬುದಕ್ಕೆ ತುರ್ಕಿ ಸಾಕ್ಷಿ ನುಡಿಯುತ್ತದೆ. ಹಮಾಮು ಎಂಬ ಅರಬ್ಬೀ ಶಬ್ದ ನಮಗೆ ಸಾಬೂನಿನ ಹೆಸರಾಗಿಯಷ್ಟೇ ಪರಿಚಿತ. ಆ ಸೀಮೆಗಳಲ್ಲಿ ಅದು ಬಿಸಿನೀರಿನ ಸ್ನಾನಗೃಹ. ತುರ್ಕಿಯವರು ಅಲ್ಲಿ ಕಲ್ಲಿನ ತೊಟ್ಟಿಯ ಬಳಿ ಕುಳಿತು ಬಟ್ಟಲಿನಿಂದ ನೀರು ಸುರಿದುಕೊಳ್ಳುತ್ತಾರೆ. 2001ರಲ್ಲಿ 21 ರೋಗಿಗಳ ವರದಿ ಅಲ್ಲಿಂದ ಬಂತು. ಆದರೂ ಪದ್ಧತಿಯೊಂದೇ ಸಾಲದು. ಒಂದೇ ಹಂಡೆಯ ನೀರನ್ನು ಹತ್ತು ಮಂದಿ ಎರೆದುಕೊಂಡರೆ ಬೀಳುವವನು ಒಬ್ಬ. ಕೆಲವು ಮನೆತನಗಳಲ್ಲಿ ಹಲವರಿಗೆ ಇದು ಬರುವುದನ್ನು ಕಂಡು, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸಿನವರೊಡನೆ ಶೋಧಿಸಿ, 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳ ಎರಡು ಭಾಗಗಳತ್ತ ಬೆರಳು ತೋರಿಸಿದರು.

ಇದೆಲ್ಲ ವಿದ್ವತ್ತಿನ ಕುತೂಹಲ ಮಾತ್ರವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾನೂನಿನಲ್ಲಿ ಮರುಕಳಿಸುವ ಮೂರ್ಛೆರೋಗವನ್ನು ಹುಚ್ಚಿನ ಜೊತೆಗೆ ಇಟ್ಟು ಮದುವೆಗೆ ಅಡ್ಡಿಯೆಂದು ಎಣಿಸಿದ್ದರು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಆ ಇಪ್ಪತ್ತಮೂರು ವರ್ಷ, ವಾರಕ್ಕೊಮ್ಮೆ ಬಚ್ಚಲಿನಲ್ಲಿ ಮಂಕಾಗುತ್ತಿದ್ದ ಹೆಣ್ಣು ಕಾನೂನಿನ ಕಣ್ಣಿಗೂ ಅನರ್ಹಳೇ. ಮನೆಯವರು ಮುಚ್ಚಿಟ್ಟರು, ಮುಚ್ಚಿಟ್ಟುದರಿಂದ ಮದ್ದು ದೊರೆಯಲಿಲ್ಲ.

ಮದ್ದಾದರೋ ಬಹಳ ಸರಳ. ನೀರಿನ ಬಿಸಿ ತಗ್ಗಿಸಿ, ನಿಧಾನವಾಗಿ ಸುರಿದುಕೊಂಡರೆ ಎಷ್ಟೋ ಮಂದಿಗೆ ಅಷ್ಟೇ ಸಾಕು. ಕೆಲವರಿಗೆ ವರ್ಷಗಳ ತರುವಾಯ ಸ್ನಾನದ ಹಂಗಿಲ್ಲದೆಯೂ ಸೆಳವು ಬರುವುದುಂಟು. ಅಂಥವರು ನಿತ್ಯವೂ ಔಷಧ ತೆಗೆದುಕೊಳ್ಳಬೇಕು. ಉಳಿದವರಿಗೆ, ದೀಪಾವಳಿಯ ಬೆಳಗ್ಗೆ ಎರೆಸಿಕೊಳ್ಳಲೇಬೇಕೆಂದು ಅಜ್ಜಿ ಪಟ್ಟುಹಿಡಿದರೆ, ಒಂದೂವರೆ ಎರಡು ಗಂಟೆ ಮೊದಲು ನುಂಗುವಂತೆ ವೈದ್ಯರು ಕ್ಲೋಬಜಾಮಿನ ಒಂದು ಮಾತ್ರೆ ಬರೆದುಕೊಡುತ್ತಾರೆ.