ಕೆಂಪೇರಿದ ಉಪ್ಪುಮೀನು, ಬಣ್ಣ ಅರಿಯುವ ಜೀವಿ

1870ರ ದಶಕದ ಕೊನೆಯಲ್ಲಿ ಅಮೆರಿಕದ ಗ್ಲೌಸ್ಟರ್ ಬಂದರಿನ ಮೀನು ವ್ಯಾಪಾರಿಗಳನ್ನು ಕಾಡುತ್ತಿದ್ದದ್ದು ಒಂದು ಬಣ್ಣ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಚಳಿಗಾಲದಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಸೆಕೆ ಏರಿತೆಂದರೆ ಮೈಮೇಲೆ ಕೆಂಪು ಹರಡಿ ಸರಕು ಕೆಡುತ್ತಿತ್ತು. ಸರ್ಕಾರದ ಮೀನುಗಾರಿಕೆ ಆಯೋಗಕ್ಕಾಗಿ ಹಾರ್ವರ್ಡ್‌ನ ಸಸ್ಯವಿಜ್ಞಾನಿ ವಿಲಿಯಂ ಫಾರ್ಲೋ ಪರೀಕ್ಷಿಸಿ ನೋಡಿದರು. ಕೆಂಪಿಗೆ ಕಾರಣ ಒಂದು ಸೂಕ್ಷ್ಮಜೀವಿ, ಅದು ಬಂದದ್ದು ಮೀನಿನಿಂದಲ್ಲ, ಸ್ಪೇನಿನ ಕಾಡಿಜ್‌ನಿಂದ ತರಿಸುತ್ತಿದ್ದ ಉಪ್ಪಿನಿಂದ ಎಂದು ವರದಿ ಕೊಟ್ಟರು. ಕೆಡದಿರಲೆಂದು ಹಾಕಿದ ಉಪ್ಪೇ ಕೆಡುಕನ್ನು ಹೊತ್ತು ತಂದಿತ್ತು. ಸೂಕ್ಷ್ಮಜೀವಿಗಳು ಬೆಳಕಿನ ಬಣ್ಣವನ್ನು ಹೇಗೆ ಅರಿಯುತ್ತವೆ ಎಂಬ ಶೋಧದ ಚರಿತ್ರೆಯನ್ನು ಸಾಮಾನ್ಯವಾಗಿ 1971ರ ಒಂದು ಪ್ರಬಂಧದಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ಕತೆಯನ್ನು ನಡುವಿನಿಂದ ಹೇಳಿದಂತೆ. ಆ ಶೋಧಕ್ಕೆ ಬೇಕಾದ ಜೀವಿಯನ್ನು ಪ್ರಯೋಗಾಲಯದ ಬಾಗಿಲಿಗೆ ತಂದು ನಿಲ್ಲಿಸಿದ್ದು ಉಪ್ಪು ಮತ್ತು ಉಪ್ಪುಮೀನಿನ ವ್ಯಾಪಾರ.

ಬಿಸಿಲಿಗೆ ನೀರು ಆರಿ ಉಪ್ಪು ಹರಳುಗಟ್ಟುವ ಆಗರಗಳಲ್ಲಿ ನೀರು ಕೆಂಪಾಗುವುದು ಹಳೆಯ ಸಂಗತಿ. 1838ರಲ್ಲೇ ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಆಗರಗಳಲ್ಲಿ ಫೆಲಿಕ್ಸ್ ಡುನಾಲ್ ಈ ಕೆಂಪಿನೊಳಗೆ ಸಣ್ಣ ಜೀವಿಗಳನ್ನು ಕಂಡಿದ್ದರು. ಅವರ ಹೆಸರು ಹೊತ್ತ ಪಾಚಿ ಡುನಾಲಿಯೆಲ್ಲ ಈಗಲೂ ಪ್ರಸಿದ್ಧ. ಉಪ್ಪು ತೆಗೆಯುವವರಿಗೆ ಈ ಕೆಂಪಿನಿಂದ ಲಾಭವೇ: ಬಣ್ಣದ ನೀರು ಬಿಸಿಲನ್ನು ಹೆಚ್ಚು ಹೀರಿ ಬೇಗ ಆರುತ್ತದೆ. ಮೀನು ಮಾರುವವನಿಗೆ ಅದೇ ಕೆಂಪು ನಷ್ಟ. ವಿಜ್ಞಾನ ಎದ್ದುಬಂದದ್ದು ನಷ್ಟದ ಕಡೆಯಿಂದ ಎಂಬುದು ಗಮನಿಸತಕ್ಕದ್ದು; ಲಾಭ ತರುವುದನ್ನು ಯಾರೂ ತನಿಖೆಗೆ ಕಳುಹಿಸುವುದಿಲ್ಲ. 1922ರಲ್ಲಿ ಕೆನಡಾದ ಹ್ಯಾರಿಸನ್ ಮತ್ತು ಕೆನಡಿ, 1930ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಹೆಲೆನಾ ಪೆಟರ್ ಕೆಂಪೇರಿದ ಮೀನಿನಿಂದಲೇ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು. ಹೀಗೆ ಮೀನಿನ ಉಗ್ರಾಣದ ಪಿಡುಗು ಪ್ರಯೋಗಾಲಯದ ಗಾಜಿನ ನಳಿಕೆ ಸೇರಿತು. ಅದರ ಹೆಸರು ಹ್ಯಾಲೋಬ್ಯಾಕ್ಟೀರಿಯಂ. ಹೆಸರಿನಲ್ಲಿ ಬ್ಯಾಕ್ಟೀರಿಯಾ ಇದ್ದರೂ ಅದು ಆರ್ಕಿಯಾ ಎಂಬ ಬೇರೆಯೇ ಕುಲದ ಜೀವಿ ಎಂದು ತಿಳಿದದ್ದು ಬಹಳ ಆಮೇಲೆ.

ಇಲ್ಲಿ ಒಂದು ಆಕ್ಷೇಪವಿದೆ, ಅದು ಹುರುಳಿಲ್ಲದ್ದಲ್ಲ. ಮೀನನ್ನು ಕೆಂಪಾಗಿಸುವುದು ಬ್ಯಾಕ್ಟೀರಿಯೋರುಬೆರಿನ್ ಎಂಬ, ಗಜ್ಜರಿಯ ಬಣ್ಣಕ್ಕೆ ನಂಟಸ್ತನವಿರುವ ವಸ್ತು. ಬೆಳಕನ್ನು ಹಿಡಿಯುವ ಪ್ರೋಟೀನಿನ ಬಣ್ಣ ನೇರಳೆ. ಅಂದಮೇಲೆ ವ್ಯಾಪಾರಿ ಕಂಡ ಬಣ್ಣಕ್ಕೂ ವಿಜ್ಞಾನಿ ಕಂಡ ಪ್ರೋಟೀನಿಗೂ ಏನು ಸಂಬಂಧ? ನೇರ ಸಂಬಂಧ ಇಲ್ಲ, ನಿಜ. ಆದರೆ ಕೆಂಪು ಕಣ್ಣಿಗೆ ಬೀಳದಿದ್ದರೆ ಈ ಜೀವಿಯನ್ನು ಯಾರೂ ಹಿಡಿದಿಡುತ್ತಿರಲಿಲ್ಲ. ಹಿಡಿದಿಟ್ಟ ಮೇಲೆ ಅದರ ಉಪ್ಪಿನ ಸ್ವಭಾವವೇ ಮುಂದಿನ ದಾರಿ ತೆರೆಯಿತು. ಉಪ್ಪು ತೆಗೆದು ಸಾದಾ ನೀರಿಗೆ ಹಾಕಿದರೆ ಈ ಕೋಶ ಒಡೆದು ಹೋಗುತ್ತದೆ, ಅದರ ಪೊರೆಯೂ ಚೂರುಚೂರಾಗುತ್ತದೆ. ಪೊರೆಗಳ ರಚನೆಯ ಬೆನ್ನುಹತ್ತಿದ್ದ ವಾಲ್ಟರ್ ಸ್ಟೋಕೇನಿಯಸ್ ಹೀಗೆ ಒಡೆದಾಗಲೂ ಉಳಿಯುವ ನೇರಳೆ ತುಣುಕುಗಳನ್ನು ಕಂಡರು. ಕಪ್ಪೆಯ ಕಣ್ಣಿನ ಪೊರೆಗಳ ಮೇಲೆ ಹಿಂದೆ ಕೆಲಸ ಮಾಡಿದ್ದ ಆಲನ್ ಬ್ಲಾರಾಕ್, ಜರ್ಮನಿಯಿಂದ ಬಂದಿದ್ದ ಡೀಟರ್ ಓಸ್ಟರ್‌ಹೆಲ್ಟ್ ಜೊತೆಗೂಡಿದರು. ಆ ನೇರಳೆಯೊಳಗೆ ರೆಟಿನಾಲ್ ಇದೆ, ನಮ್ಮ ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಅದೇ ವಿಟಮಿನ್ ಎ ಸಂಬಂಧಿ ಇದೆ ಎಂದು 1971ರಲ್ಲಿ ಪ್ರಕಟವಾಯಿತು. ಇದೇ ಬ್ಯಾಕ್ಟೀರಿಯೋರೋಡಾಪ್ಸಿನ್. 1979ರ ಹೊತ್ತಿಗೆ ಮಾಸ್ಕೋದ ಒವ್ಚಿನ್ನಿಕೋವ್ ತಂಡವೂ, ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹರಗೋಬಿಂದ್ ಖೊರಾನಾ ತಂಡವೂ ಅದರ 248 ಅಮೈನೋ ಆಮ್ಲಗಳ ಸಾಲನ್ನು ಓದಿ ಮುಗಿಸಿದ್ದವು.

ಆದರೆ ಇದು ಕಣ್ಣಲ್ಲ, ಪಂಪು. ಬೆಳಕು ಬಿದ್ದರೆ ಪ್ರೋಟಾನನ್ನು ಕೋಶದ ಹೊರಗೆ ತಳ್ಳುತ್ತದೆ, ಅದರಿಂದ ಕೋಶಕ್ಕೆ ಶಕ್ತಿ. ಬಣ್ಣ ಅರಿಯುವ ಕೆಲಸ ಇದರ ದಾಯಾದಿಗಳದ್ದು. 1982ರಲ್ಲಿ ರಾಬರ್ಟೊ ಬೊಗೊಮೊಲ್ನಿ, ಜಾನ್ ಸ್ಪುಡಿಚ್ ಅಂಥದ್ದೊಂದನ್ನು ಗುರುತಿಸಿದರು. ಅದು ಬಣ್ಣಗಳನ್ನು ಬೇರ್ಪಡಿಸುವ ಬಗೆಯನ್ನು 1984ರಲ್ಲಿ ಬಿಡಿಸಿಟ್ಟರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸೊಗಸಾದ ಭಾಗ ಇದು. ನಮ್ಮ ಕಣ್ಣಿಗೆ ಬಣ್ಣ ತಿಳಿಯಲು ಮೂರು ಬಗೆಯ ಶಂಕುಕೋಶಗಳು ಬೇಕು. ಈ ಜೀವಿ ಒಂದೇ ಪ್ರೋಟೀನಿನಲ್ಲಿ ಎರಡು ಬಣ್ಣ ತಿಳಿಯುತ್ತದೆ. 587 ನ್ಯಾನೋಮೀಟರ್ ಸುತ್ತಿನ ಕಿತ್ತಳೆ ಬೆಳಕನ್ನು ಹೀರಿದರೆ ಅದು 'ಇತ್ತ ಬಾ' ಎಂಬ ಸೂಚನೆ. ಹೀರಿದ ಮೇಲೆ ಪ್ರೋಟೀನು ಕ್ಷಣಕಾಲ ಬೇರೆ ರೂಪಕ್ಕೆ ತಿರುಗುತ್ತದೆ, ಆ ರೂಪ ಹೀರುವುದು 373 ನ್ಯಾನೋಮೀಟರಿನ ಅತಿನೇರಳೆ ಅಂಚನ್ನು. ಅದು ಬಿದ್ದರೆ 'ತೊಲಗು' ಎಂಬ ಸೂಚನೆ. ಪಂಪಿಗೆ ಬೇಕಾದ ಬೆಳಕು 568ರ ಸುತ್ತ, ಕೋಶವನ್ನು ಹಾಳುಮಾಡುವುದು ಅತಿನೇರಳೆ. ಹಾಗಾಗಿ ಬೇಕಾದದ್ದೂ ಬೇಡವಾದದ್ದೂ ಒಂದೇ ಅಣುವಿನಲ್ಲಿ ಇತ್ಯರ್ಥವಾಗುತ್ತವೆ. ಇನ್ನೊಂದು ದಾಯಾದಿ 487ರ ನೀಲಿಹಸಿರಿಗೆ ಸ್ಪಂದಿಸಿ ಕೋಶವನ್ನು ಬೆಳಕಿನಿಂದ ದೂರ ಒಯ್ಯುತ್ತದೆ. ಎಲ್ಲದರೊಳಗೂ ಇರುವುದು ಅದೇ ರೆಟಿನಾಲ್. ಅದನ್ನು ಸುತ್ತುವರಿದ ಅಮೈನೋ ಆಮ್ಲಗಳು ಬದಲಾದಂತೆ ಅದು ಹೀರುವ ಬಣ್ಣ ಸರಿಯುತ್ತದೆ. ಇದನ್ನು ನೋಡುವುದು ಎನ್ನಬಹುದೇ ಎಂದು ಕೇಳುವವರಿದ್ದಾರೆ. ಚಿತ್ರ ಕಾಣುವುದನ್ನೇ ನೋಟ ಎಂದರೆ ಇಲ್ಲ. ಆದರೆ ಎರಡು ಬಣ್ಣಗಳಿಗೆ ಎರಡು ಬೇರೆ ನಡೆ ತೋರುವುದನ್ನು ಬಣ್ಣ ಅರಿಯುವುದು ಎನ್ನದೆ ಬೇರೆ ಏನೆನ್ನಬೇಕು?

ಉಪ್ಪುಮೀನು ಇಲ್ಲದಿದ್ದರೂ ಈ ಪ್ರೋಟೀನುಗಳು ಇಂದಲ್ಲ ನಾಳೆ ಸಿಗುತ್ತಿದ್ದವು ಎಂಬ ಇನ್ನೊಂದು ವಾದವೂ ಇದೆ. 2000ದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನೀರಿನಿಂದ ಡಿಎನ್ಎ ತೆಗೆದು ಓಡೆಡ್ ಬೇಜಾ, ಎಡ್ವರ್ಡ್ ಡಿಲಾಂಗ್ ಮತ್ತು ಸಂಗಡಿಗರು ಕಡಲ ಬ್ಯಾಕ್ಟೀರಿಯಾವೊಂದರ ಇಂಥದ್ದೇ ಪ್ರೋಟೀನಾದ ಪ್ರೋಟಿಯೋರೋಡಾಪ್ಸಿನ್ ಕಂಡುಹಿಡಿದದ್ದನ್ನು ಸಾಕ್ಷಿಗೆ ತರುತ್ತಾರೆ: ಅಲ್ಲಿ ಯಾವ ವ್ಯಾಪಾರವೂ ಇರಲಿಲ್ಲ, ಆ ಬ್ಯಾಕ್ಟೀರಿಯಾವನ್ನು ಯಾರೂ ಬೆಳೆಸಿಯೂ ಇರಲಿಲ್ಲ. ಆದರೆ ಆ ಜೀನನ್ನು ಅವರು ಗುರುತಿಸಿದ್ದು ಉಪ್ಪಿನ ಜೀವಿಯ ಪ್ರೋಟೀನಿಗೆ ಅದು ಹೋಲುತ್ತಿದ್ದುದರಿಂದಲೇ. ಹೋಲಿಸಿ ನೋಡಲು ಆ ಹಳೆಯ ಸಾಲು ಇರದಿದ್ದರೆ ಅದು ಸಾವಿರಾರು ಜೀನುಗಳ ನಡುವೆ ಇನ್ನೊಂದಾಗಿ ಉಳಿಯುತ್ತಿತ್ತು. ಈ ಕಡಲಿನ ಪ್ರೋಟೀನಿನಲ್ಲೂ ಬಣ್ಣದ ಕಸುಬು ಮುಂದುವರಿದಿದೆ. ಮಾಂಟೆರೆ ಕೊಲ್ಲಿಯ ಮೇಲ್ಮೈಯಲ್ಲಿ ಸಿಕ್ಕ ಬಗೆ 525ರ ಹಸಿರನ್ನು ಹೀರುತ್ತದೆ. ನೀಲಿ ಬೆಳಕಷ್ಟೇ ಇಳಿಯುವ ಆಳದಲ್ಲಿ ಸಿಕ್ಕದ್ದು 490ರ ನೀಲಿಯನ್ನು. 2003ರ ಅಧ್ಯಯನದ ಪ್ರಕಾರ ಹಸಿರನ್ನು ನೀಲಿಗೆ ತಿರುಗಿಸಲು 105ನೆಯ ಜಾಗದಲ್ಲಿ ಲ್ಯೂಸಿನ್ ಬದಲು ಗ್ಲುಟಮಿನ್ ಇಟ್ಟರೆ ಸಾಕು.